ಉಸಿರು ಎಣಿಸೋಕೂ ಪುರುಸೊತ್ತು ಬೇಕು: ನಮ್ಮಮ್ಮನ ಟೆನ್ಶನ್ ಒಂದು ಪ್ರಕರಣ ಅಧ್ಯಯನ

ಅಮ್ಮನ ಬಲಗೈ ಮೇಲೆ ಎಂಟಾಣೆ ಅಗಲದ ಒಂದು ಸುಟ್ಟ ಗಾಯವಿತ್ತು. ಒಗ್ಗರಣೆ ಹಾಕುವಾಗ ಎಣ್ಣೆ ಸಿಡಿದದ್ದು. ಗಾಯ ಆದದ್ದು 2023ರ ಜೂನ್ ಕೊನೆಗೆ. ಆಗಸ್ಟ್ ಮೊದಲ ವಾರ ನಾನು ಊರಿಗೆ ಹೋದಾಗಲೂ ಅದು ಪೂರ್ತಿ ಮಾಗಿರಲಿಲ್ಲ. ಅಂಚು ಕೆಂಪಗೆ, ನಡುವೆ ಹಸಿ. "ಶುಗರ್ ಇರಬೇಕು ಕಣಮ್ಮ, ಚೆಕ್ ಮಾಡಿಸು" ಅಂತ ಎದುರುಮನೆ ಅಕ್ಕ ಹೇಳಿದ್ದರು. ಅಮ್ಮ ಮಾಡಿಸಿರಲಿಲ್ಲ. ಯಾಕೆ ಅಂತ ಕೇಳಿದರೆ, "ಆಸ್ಪತ್ರೆಗೆ ಹೋದ್ರೆ ಅರ್ಧ ದಿನ ಹೋಗುತ್ತೆ. ಅಷ್ಟೊತ್ತು ಅಜ್ಜಿನ ಯಾರು ನೋಡ್ಕೋತಾರೆ?" ಅಂದರು.

ಈ ಪ್ರಕರಣದ ಅರ್ಧ ಕತೆ ಆ ಒಂದು ಮಾತಿನಲ್ಲೇ ಇತ್ತು. ನನಗೆ ಅರ್ಥವಾಗಲು ಇನ್ನೂ ಹತ್ತು ದಿನ ಹಿಡಿಯಿತು.

ಮನೆಯ ಪರಿಸ್ಥಿತಿ ಮೊದಲು ಹೇಳಿಬಿಡುತ್ತೇನೆ. ತಿಪಟೂರು ತಾಲ್ಲೂಕಿನ ಹಳ್ಳಿ. ಸ್ವಲ್ಪ ತೆಂಗಿನ ತೋಟ, ಕೊಬ್ಬರಿಯೇ ವರಮಾನ. ಮನೆಯಲ್ಲಿ ಇರುವವರು ಮೂವರು: ಅಪ್ಪ, ಅಮ್ಮ, ಅಪ್ಪನ ತಾಯಿ. ನಾನು ಬೆಂಗಳೂರಿನಲ್ಲಿ, ತಮ್ಮ ಹೈದರಾಬಾದಿನಲ್ಲಿ. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಅರಸೀಕೆರೆಯಲ್ಲಿ. 2023ರ ಜನವರಿಯಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋದವು, ಮಾತೂ ನಿಂತಿತು. ಮಿದುಳಿನ ಎಡಭಾಗಕ್ಕೆ ಏಟು ಬಿದ್ದರೆ ಬಲಗಡೆಯ ಮೈ ಸೋಲುತ್ತದೆ, ಹೆಚ್ಚಿನವರಿಗೆ ಮಾತಿನ ಜಾಗವೂ ಎಡಕ್ಕೇ ಇರುವುದರಿಂದ ಎರಡೂ ಒಟ್ಟಿಗೆ ಹೋಗುವುದುಂಟು. ಅಜ್ಜಿಗೆ ಆಗ 81 ವರ್ಷ. ಅಮ್ಮನಿಗೆ 56.

ಮಾತು ಇಲ್ಲದ ಅಜ್ಜಿ ಎಡಗೈಯಲ್ಲಿ ಒಂದು ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದರು. ಟಣ್ ಟಣ್. ನೀರು ಬೇಕಾದರೂ ಅದೇ, ಒದ್ದೆಯಾಗಿದ್ದರೂ ಅದೇ, ಸುಮ್ನೆ ಯಾರಾದರೂ ಹತ್ತಿರ ಬಂದು ಕೂರಲಿ ಅಂದರೂ ಅದೇ. ಈ ಲೋಟದ ಸದ್ದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ದೂರದಿಂದ ನಾವು ಮಾಡಿದ್ದು

ಅಮ್ಮ 'ಸ್ಟ್ರೆಸ್' ಅನ್ನೋ ಪದವನ್ನು ಒಮ್ಮೆಯೂ ಹೇಳಿದವರಲ್ಲ. ಫೋನಿನಲ್ಲಿ ಬರುತ್ತಿದ್ದದ್ದು ಬೇರೆ ಮಾತುಗಳು. "ತಲೆ ಸಿಡೀತಾ ಇದೆ." "ಎದೆ ಡವಡವ ಅಂತಿದೆ." "ಹೊಟ್ಟೆ ಉರಿ, ಏನು ತಿಂದ್ರೂ ಹುಳಿ ತೇಗು." "ನಿನ್ನೆ ನಿಮ್ಮಪ್ಪನ ಮೇಲೆ ಸುಮ್ ಸುಮ್ನೆ ಕೂಗಾಡಿಬಿಟ್ಟೆ." ನಾನು ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟೆ. ತಲೆನೋವಿಗೆ ಕನ್ನಡಕ ಬದಲಿಸಿ ಅಂದೆ. ಹೊಟ್ಟೆ ಉರಿಗೆ ಮಜ್ಜಿಗೆ ಅಂದೆ. ಆಮೇಲೆ ಎಲ್ಲಾ ಸೇರಿ ಟೆನ್ಶನ್ ಇರಬೇಕು ಅಂತ ಹೊಳೆದಾಗ ಫೋನಿಗೆ ಪ್ರಾಣಾಯಾಮದ ವಿಡಿಯೋ ಕಳಿಸಿದೆ. ಧ್ಯಾನದ ಆ್ಯಪ್ ಒಂದನ್ನು ತಮ್ಮ ಹಾಕಿಕೊಟ್ಟ. ಅಶ್ವಗಂಧದ ಮಾತ್ರೆಯನ್ನು ಆನ್‌ಲೈನ್‌ನಲ್ಲಿ ತರಿಸಿ ಊರಿಗೆ ಕಳಿಸಿದ್ದೂ ಅವನೇ. ಅತ್ತೆ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದು ಬಂದು, "ಬೆಳಿಗ್ಗೆ ಎದ್ದು ಅರ್ಧ ಗಂಟೆ ಧ್ಯಾನ ಮಾಡಿ ಅತ್ತಿಗೆ, ಎಲ್ಲಾ ಸರಿಹೋಗುತ್ತೆ" ಅಂತ ಹೇಳಿ ಸಂಜೆ ರೈಲಿಗೆ ಹೋಗುತ್ತಿದ್ದರು.

ಒಂದು ದಿನ ನಾನು ಫೋನಿನಲ್ಲಿ ಕೇಳಿದೆ, "ಅಮ್ಮ, ಆ ಉಸಿರಿನದ್ದು ಮಾಡ್ತಿದೀರಾ? ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ?"

"ಉಸಿರು ಬಿಡೋಕೇ ಪುರುಸೊತ್ತಿಲ್ಲ ಪಾಪು, ಇನ್ನ ಎಣಿಸ್ಲಾ?"

ನಾನು ನಕ್ಕೆ. ಅಮ್ಮ ನಗಲಿಲ್ಲ. ಜುಲೈನಲ್ಲಿ ಇನ್ನೊಂದು ಮಾತು ಬಂತು: "ಅಜ್ಜಿಗಿಂತ ಮೊದ್ಲು ನಾನೇ ಹೋಗ್ಬಿಟ್ರೆ ಸಾಕು." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಿದರು. ಆ ಕಡೆಯವರು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: "ನಿಮ್ಮ ತಾಯಿ ರಾತ್ರಿ ಎಷ್ಟು ಸಲ ಏಳ್ತಾರೆ?" ಗೊತ್ತಿಲ್ಲ ಅಂದೆ. ಹೋಗಿ ನೋಡಿ, ಅವರ ಹತ್ತಿರ ಕೂತು ಮಾತಾಡಿ, ಡಾಕ್ಟರಿಗೂ ತೋರಿಸಿ ಅಂದರು. ಇಂಥ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಬೇಜಾರಿಗೆ ಹೇಳಿದ್ದು ಅಂತ ಬಿಡಬೇಡಿ. ಅದಕ್ಕೆ ತುಳಸಿ ಕಷಾಯ ಉತ್ತರವಲ್ಲ.

ಹತ್ತು ದಿನ ರಜೆ ಹಾಕಿದೆ.

ಹತ್ತು ದಿನದ ಲೆಕ್ಕ

ಅಪ್ಪನ ಕೊಬ್ಬರಿ ಲೆಕ್ಕದ ಉದ್ದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಮ್ಮನ ದಿನ ಬರೆಯುತ್ತಾ ಹೋದೆ. ಯಾರೋ ಹೇಳಿಕೊಟ್ಟ ವಿಧಾನವೇನಲ್ಲ. ಏನು ಮಾಡಬೇಕು ಅಂತ ತೋಚದೆ ಶುರು ಮಾಡಿದ್ದು. ಎರಡನೇ ದಿನದ ಹಾಳೆ ಹೀಗಿದೆ.

ಬೆಳಿಗ್ಗೆ 4:40ಕ್ಕೆ ಎದ್ದರು. ಅಜ್ಜಿಯ ಬಟ್ಟೆ, ಹಾಸಿಗೆ ಬದಲಾವಣೆ. ಒಲೆಗೆ ನೀರು. 5:30ಕ್ಕೆ ಮೊದಲ ಕಾಫಿ, ನಿಂತೇ. ಹಸು ಕೆಲಸ. ಅಜ್ಜಿಗೆ ಮೈ ಒರೆಸಿ, ಗಂಜಿ ತಿನ್ನಿಸಲು 45 ನಿಮಿಷ. ಲಕ್ವ ಆದವರಿಗೆ ನುಂಗುವುದು ಕಷ್ಟ, ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತೆ. ನಮಗೆ ತಿಂಡಿ. ಬಟ್ಟೆ ಒಗೆತ, ದಿನಾ ಎರಡು ಬಕೆಟ್ ಜಾಸ್ತಿ. ಎರಡೆರಡು ಗಂಟೆಗೆ ಅಜ್ಜಿಯನ್ನು ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತೆ. ಮಧ್ಯಾಹ್ನ ಮೂರಕ್ಕೆ ಊಟ. ಊಟ ಅಂದರೆ ತಟ್ಟೆಯಲ್ಲಿ ತಣ್ಣಗಾದ ಅನ್ನ, ಉಪ್ಪಿನಕಾಯಿ, ಎರಡು ಹಪ್ಪಳ. ಸಾರು ಬಿಸಿ ಮಾಡಿಕೊಳ್ಳುವಷ್ಟೂ ತಾಳ್ಮೆ ಇಲ್ಲ. ಸಂಜೆ ಮತ್ತೆ ಅದೇ ಸುತ್ತು. ರಾತ್ರಿ 9ಕ್ಕೆ ಐದನೇ ಕಾಫಿ, "ಹತ್ತು ಗಂಟೆಗೆ ಮಗ್ಗುಲು ಬದಲಿಸೋವರೆಗೂ ಎಚ್ಚರ ಇರ್ಬೇಕಲ್ಲ" ಅಂತ. 10:50ಕ್ಕೆ ಮಲಗಿದರು. 1ಕ್ಕೆ ಎದ್ದರು. 2:15ಕ್ಕೆ ಟಣ್ ಟಣ್. 3ಕ್ಕೆ ಮತ್ತೆ ಎದ್ದರು.

ಹಾಳೆಯ ಕೆಳಗೆ ನಾನು ಬರೆದದ್ದು: ಇಡೀ ದಿನದಲ್ಲಿ ಕೂತದ್ದು 3 ಸಲ, ಒಟ್ಟು 40 ನಿಮಿಷ. ಒಂದೇ ಸಮ ನಿದ್ದೆ, ಹೆಚ್ಚೆಂದರೆ 2 ಗಂಟೆ 10 ನಿಮಿಷ.

ಇನ್ನೊಂದು ವಿಷಯ ಹಾಳೆಗೆ ಬರದೇ ಉಳಿಯಿತು, ಆದರೆ ಕಣ್ಣಿಗೆ ಬಿತ್ತು. ಅಮ್ಮ ಎಲ್ಲೇ ಇರಲಿ, ಕಿವಿ ಮಾತ್ರ ಆ ಮಂಚದ ಕಡೆಗೇ. ಮಾತಾಡುತ್ತಾ ಇದ್ದವರು ನಡುವೆ ನಿಲ್ಲಿಸಿ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಕುಕ್ಕರಿನ ಮುಚ್ಚಳ ಸದ್ದಾದರೂ ಬೆಚ್ಚುತ್ತಿದ್ದರು. ಫೋನಿನ ಆ್ಯಪ್‌ನಲ್ಲಿ "ಕಣ್ಣು ಮುಚ್ಚಿ, ಎಲ್ಲವನ್ನೂ ಬಿಟ್ಟುಬಿಡಿ" ಅಂತ ಮೆತ್ತನೆಯ ದನಿ ಬಂದರೆ, ಕಣ್ಣು ಮುಚ್ಚಿದ ಕೂಡಲೇ ಅಮ್ಮನ ಕಿವಿ ಇನ್ನೂ ಚುರುಕಾಗುತ್ತಿತ್ತು. "ಅದನ್ನ ಹಾಕ್ಕೊಂಡು ಕೂತ್ರೆ ಜಾಸ್ತಿ ಗಾಬರಿ ಆಗುತ್ತೆ" ಅಂದರು. ಸುಳ್ಳಲ್ಲ. ಕಾವಲು ಕಾಯುತ್ತಿರುವವರಿಗೆ ಕಣ್ಣು ಮುಚ್ಚು ಅಂದರೆ ಅದು ವಿಶ್ರಾಂತಿ ಹೇಗಾದೀತು?

ದೇಹದೊಳಗೆ ಆಗುವುದೂ ಇದೇ. ಗಾಬರಿಯ ಸುದ್ದಿ ಬಂದಾಗ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಬಿಡುತ್ತವೆ. ಎದೆಬಡಿತ ಏರುತ್ತೆ, ರಕ್ತಕ್ಕೆ ಸಕ್ಕರೆ ಇಳಿಯುತ್ತೆ, ಜೀರ್ಣದ ಕೆಲಸ ಹಿಂದಕ್ಕೆ ಸರಿಯುತ್ತೆ. ಹಾವು ಕಂಡು ಓಡುವ ಹತ್ತು ನಿಮಿಷಕ್ಕೆ ಇದು ಒಳ್ಳೆಯದೇ. ಸಹಜವಾಗಿ ಕಾರ್ಟಿಸೋಲ್ ಬೆಳಿಗ್ಗೆ ಏರಿ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟಬೇಕು. ರಕ್ತದೊತ್ತಡವೂ ಹಾಗೆಯೇ, ಒಳ್ಳೆಯ ನಿದ್ದೆಯಲ್ಲಿ ಹಗಲಿಗಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತೆ. ಏಳು ತಿಂಗಳು ದಿನಾ ಒಂದಕ್ಕೆ, ಎರಡೂಕಾಲಿಗೆ, ಮೂರಕ್ಕೆ ಎದ್ದರೆ ಇಳಿಯುವುದಕ್ಕೆ ಜಾಗ ಎಲ್ಲಿ?

ಆಸ್ಪತ್ರೆಯಲ್ಲಿ ಸಿಕ್ಕಿದ್ದು

ನಾನು ಮನೆಯಲ್ಲಿ ಉಳಿದೆ, ಅಪ್ಪ ಅಮ್ಮನನ್ನು ತಿಪಟೂರಿಗೆ ಕರೆದುಕೊಂಡು ಹೋದರು. ಶುಗರ್ ಸರಿಯಿತ್ತು, ಥೈರಾಯ್ಡೂ ಸರಿ. ಬಿಪಿ 150/94. ಹಿಮೋಗ್ಲೋಬಿನ್ 9.8.

ಈ ಕೊನೆಯ ಅಂಕಿ ನೋಡಿ ನನಗೆ ನಾಚಿಕೆಯಾಯಿತು. ಎದೆ ಡವಡವ, ಸುಸ್ತು, ತಲೆನೋವು ಎಲ್ಲವನ್ನೂ ನಾನು ಟೆನ್ಶನ್ ಖಾತೆಗೆ ಬರೆದಿದ್ದೆ. ಅದರಲ್ಲಿ ಒಂದಷ್ಟು ಸೀದಾ ರಕ್ತ ಕಡಿಮೆ ಇದ್ದದ್ದರಿಂದ ಬಂದದ್ದು. ಹೆಂಗಸರು ಸುಸ್ತು ಅಂದರೆ ಮನೆಯವರೂ, ಕೆಲವು ಸಲ ಡಾಕ್ಟರೂ, "ಟೆನ್ಶನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸುವುದುಂಟಲ್ವಾ? ಇವರು ಹಾಗೆ ಮಾಡಲಿಲ್ಲ. ಕಬ್ಬಿಣದ ಮಾತ್ರೆ ಬರೆದರು, ಬಿಪಿಗೆ ಸಣ್ಣ ಡೋಸಿನ ಒಂದು ಮಾತ್ರೆ ಬರೆದರು. ಉಪ್ಪಿನಕಾಯಿ ಹಪ್ಪಳದ ಊಟ ಬಿಡಿ ಅಂದರು. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದರೆ ಸುಮಾರು ಒಂದು ಟೀ ಚಮಚ. ಊಟದ ಜೊತೆ, ಊಟವಾದ ಕೂಡಲೇ ಕಾಫಿ ಬೇಡ ಅಂದರು, ಕಾಫಿ ಟೀಯಲ್ಲಿರುವ ಅಂಶ ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆರಸ ಅದಕ್ಕೆ ಉಲ್ಟಾ, ಹತ್ತುವಂತೆ ಮಾಡುತ್ತೆ. ಅಶ್ವಗಂಧದ ಡಬ್ಬಿಯನ್ನು ನೋಡಿ ಪಕ್ಕಕ್ಕಿಟ್ಟರು. ಅಪರೂಪಕ್ಕೆ ಕೆಲವರ ಲಿವರ್‌ಗೆ ಅದು ತೊಂದರೆ ಮಾಡಿದ್ದುಂಟು. ನಿದ್ದೆ ಮಾತ್ರೆ, ಥೈರಾಯ್ಡ್ ಮಾತ್ರೆ, ಬಿಪಿ ಮಾತ್ರೆಗಳ ಜೊತೆ ಕೇಳದೆ ತೆಗೆದುಕೊಳ್ಳುವಂಥದ್ದಲ್ಲ. ಡೆನ್ಮಾರ್ಕ್ ದೇಶ 2023ರಲ್ಲಿ ಅದನ್ನು ನಿಷೇಧಿಸಿಯೇ ಬಿಟ್ಟಿತು. ಅಷ್ಟು ದೂರ ಹೋಗಬೇಕಾ ಎನ್ನುವುದು ಬೇರೆ ಮಾತು. ಆದರೆ ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಔಷಧಿ ಅಲ್ಲ ಅಂದುಕೊಳ್ಳುವುದು ತಪ್ಪು.

ಗಾಯದ ಬಗ್ಗೆ ಕೇಳಿದ್ದಕ್ಕೆ, ರಕ್ತ ಕಡಿಮೆ, ನಿದ್ದೆ ಕಡಿಮೆ, ದಿನವಿಡೀ ಕೈ ನೀರಲ್ಲಿ, ಇನ್ನೇನಾಗುತ್ತೆ ಅಂದರಂತೆ. ಆಮೇಲೆ ನಾನು ಓದಿದ ಒಂದು ಅಧ್ಯಯನ ಇಲ್ಲಿ ಹೇಳಲೇಬೇಕು. 1995ರಲ್ಲಿ ಅಮೆರಿಕದ ಒಹಾಯೋದಲ್ಲಿ ಜಾನಿಸ್ ಕೀಕೋಲ್ಟ್ ಗ್ಲೇಸರ್ ಮತ್ತು ಜೊತೆಯವರು, ಮರೆವಿನ ಕಾಯಿಲೆಯ ನೆಂಟರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ ಅಂಥ ಹೊಣೆ ಇಲ್ಲದ 13 ಹೆಂಗಸರನ್ನೂ ಆರಿಸಿದರು. ಎಲ್ಲರ ಕೈ ಮೇಲೂ ಮೂರೂವರೆ ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ, ಮಾಗುವುದಕ್ಕೆ ಎಷ್ಟು ದಿನ ಅಂತ ನೋಡಿದರು. ಹೊಣೆ ಇಲ್ಲದವರಿಗೆ ಸರಾಸರಿ 39.3 ದಿನ. ಆರೈಕೆ ಮಾಡುವವರಿಗೆ 48.7 ದಿನ. ಒಂಬತ್ತು ದಿನ ಜಾಸ್ತಿ. ಅಮ್ಮನ ಗಾಯದಲ್ಲಿ ರಕ್ತಹೀನತೆಯ ಪಾಲೆಷ್ಟು, ಸುಸ್ತಿನ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗದು. ಆದರೂ ಅದನ್ನು ಓದಿದ ದಿನ ಅಮ್ಮನ ಕೈಯೇ ಕಣ್ಣ ಮುಂದೆ ಬಂತು.

ಕೆಲಸ ಹಂಚಿದ್ದು

ನಾಲ್ಕನೇ ದಿನ ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ಅಪ್ಪನ ಮುಂದಿಟ್ಟೆ. ಅಪ್ಪ ಕೆಟ್ಟವರಲ್ಲ. ಬೆಳಿಗ್ಗೆ ತೋಟಕ್ಕೆ ಹೋದರೆ ಮಧ್ಯಾಹ್ನ, ಮತ್ತೆ ಹೋದರೆ ಸಂಜೆ. ಹೊರಗಿನ ಕೆಲಸ ನನ್ನದು, ಒಳಗಿನದು ಅವಳದು ಅಂತ ನಲವತ್ತು ವರ್ಷ ನಡೆದ ಲೆಕ್ಕ. ಹಾಳೆ ತಿರುವಿ ಓದಿದರು. ಕೊಬ್ಬರಿ ಮಂಡಿಯ ಚೀಟಿ ಓದುವ ಹಾಗೆ, ಬೆರಳಿಟ್ಟು, ಒಂದೊಂದೇ ಸಾಲು.

"ಮೂರಕ್ಕೂ ಏಳ್ತೀಯೇನೇ?" ಅಂದರು ಅಮ್ಮನಿಗೆ.

"ಇಲ್ದಿದ್ರೆ ಯಾರು ಏಳ್ತಾರೆ?"

ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಪ್ಪನ ಅಡ್ಡಿ ಸೋಮಾರಿತನದ್ದಲ್ಲ, ಮುಜುಗರದ್ದು. ಹೆತ್ತ ತಾಯಿಯೇ ಆದರೂ ಬಟ್ಟೆ ಬದಲಿಸುವುದು, ಒರೆಸುವುದು ಗಂಡುಮಗನ ಕೈಲಿ ಹೇಗಾಗುತ್ತೆ ಅನ್ನೋ ಸಂಕೋಚ. ಅಜ್ಜಿಗೂ ಅದು ಬೇಡ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಆ ಮಾತನ್ನು ನಾವು ಎಳೆದಾಡಲಿಲ್ಲ. ಮಗ್ಗುಲು ಬದಲಿಸುವುದಕ್ಕೆ ಆ ಸಂಕೋಚ ಬೇಕಿಲ್ಲ. ರಾತ್ರಿ ಡಯಾಪರ್ ಹಾಕಿದರೆ ನಡುರಾತ್ರಿ ಬಟ್ಟೆ ಬದಲಿಸುವುದೂ ತಪ್ಪುತ್ತೆ. ಒಂದು ಗಂಟೆಯದೂ ಮೂರು ಗಂಟೆಯದೂ ಅಪ್ಪನ ಪಾಳಿ ಅಂತ ತೀರ್ಮಾನವಾಯಿತು. ಫೋನಿನಲ್ಲಿ ಎರಡು ಅಲಾರಾಂ. ಅಮ್ಮನ ಹಾಸಿಗೆ ಹಿಂದಿನ ಕೋಣೆಗೆ ಹೋಯಿತು, ಬಾಗಿಲು ಹಾಕಿಕೊಂಡು ಮಲಗಬೇಕು ಅಂತ ಕರಾರು. ಮೊದಲ ಎರಡು ರಾತ್ರಿ ಅಮ್ಮ ಬಾಗಿಲ ಹಿಂದೆ ಎದ್ದು ಕೂತು ಕೇಳಿಸಿಕೊಳ್ಳುತ್ತಿದ್ದರು. ಅಪ್ಪ ಸರಿಯಾಗಿ ದಿಂಬು ಕೊಡ್ತಾರೋ ಇಲ್ವೋ ಅಂತ. ಮೂರನೇ ರಾತ್ರಿ ಐದು ಗಂಟೆವರೆಗೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ಗಾಬರಿಯಾಗಿ ಓಡಿ ಬಂದರು, ಏನೋ ಆಗಿಹೋಯಿತು ಅಂತ. ಏನೂ ಆಗಿರಲಿಲ್ಲ. ಅಪ್ಪ ಮಂಚದ ಪಕ್ಕ ಚಾಪೆ ಮೇಲೆ ಗೊರಕೆ ಹೊಡೆಯುತ್ತಿದ್ದರು.

ಬೆಳಿಗ್ಗೆ 8ರಿಂದ 10 ಊರಿನದೇ ಒಬ್ಬ ಹೆಂಗಸು ಬಂದು ಅಜ್ಜಿಗೆ ಸ್ನಾನ, ಬಟ್ಟೆ, ಊಟ ನೋಡಿಕೊಳ್ಳುವುದು, ತಿಂಗಳಿಗೆ 4,500 ರೂಪಾಯಿ. ನಾನೂ ತಮ್ಮನೂ ಹಂಚಿಕೊಂಡೆವು. ಗಾಳಿ ಹಾಸಿಗೆ ಒಂದು ತಂದೆವು. ಅದು ಬಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಹುಣ್ಣಿನ ಭಯ ಕಡಿಮೆಯಾಗುತ್ತೆ ಅಷ್ಟೇ. ಅತ್ತೆಗೂ ಫೋನ್ ಮಾಡಿದೆ. ಬಾಳೆಹಣ್ಣು ಬೇಡ ಅತ್ತೆ, ತಿಂಗಳಿಗೆ ಎರಡು ದಿನ ಬಂದು ಉಳಿಯಿರಿ ಅಂದೆ. ಬೇಜಾರು ಮಾಡಿಕೊಂಡರು. ಆದರೂ ಬಂದರು.

ನಡಿಗೆ, ಜಪ, ಕಾಫಿ

ಸಹಜ ವಿಧಾನಗಳ ಮಾತು ಇಲ್ಲಿಂದ ಶುರುವಾಗುತ್ತೆ. ಇಷ್ಟು ತಡವಾಗಿ ಬಂತಲ್ಲ ಅಂತ ಅನ್ನಿಸಬಹುದು. ನಮ್ಮ ಮನೆಯಲ್ಲೂ ತಡವಾಗಿಯೇ ಬಂತು.

ಸಂಜೆ ಐದೂವರೆಗೆ ಅಪ್ಪ ತೋಟದಿಂದ ಬಂದ ಮೇಲೆ ಅಮ್ಮ ತೋಟಕ್ಕೆ. ಹೋಗಲು 20 ನಿಮಿಷ, ಬರಲು 20. ಎದುರುಮನೆ ಅಕ್ಕ ಜೊತೆಗೆ. ವಾರಕ್ಕೆ 150 ನಿಮಿಷ ಸ್ವಲ್ಪ ಬಿರುಸಿನ ನಡಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದೆ. ಅಮ್ಮನದು ವಾರಕ್ಕೆ ಐದು ದಿನ ಹಿಡಿದರೂ 200 ಆಗುತ್ತಿತ್ತು. ದಿನವಿಡೀ ಓಡಾಡುವವರಿಗೆ ಮತ್ತೆ ನಡಿಗೆ ಯಾಕೆ ಅಂತ ಅಪ್ಪ ಕೇಳಿದ್ದೂ ಆಯಿತು. ಅಡುಗೆಮನೆಗೂ ಮಂಚಕ್ಕೂ ನಡುವೆ ಓಡಾಡುವುದು ಮೈಗೆ ದಣಿವು, ಮನಸ್ಸಿಗೆ ಬಿಡುವಲ್ಲ.

ಹಸಿರು ನೋಡಿದರೆ ಮನಸ್ಸು ತಣ್ಣಗಾಗುತ್ತೆ ಅನ್ನುವುದಕ್ಕೆ ಹಳೆಯ ಅಧ್ಯಯನ ಒಂದಿದೆ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ನೋಡಿದರು. ಕಿಟಕಿಯಲ್ಲಿ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಒಳ್ಳೆಯದು. ಆದರೆ ಅಮ್ಮನಿಗೆ ತೆಂಗಿನ ಮರ ಅಂದರೆ ಗೊಬ್ಬರ, ಕೂಲಿ, ಬಿದ್ದ ಗರಿ, ನುಸಿ ರೋಗ. ಹುಟ್ಟಿದಾಗಿನಿಂದ ನೋಡಿದ ಮರ. ಅದು ಹಸಿರಿನ ಮಾಯೆ ಅಂತ ನನಗನ್ನಿಸುವುದಿಲ್ಲ. ತೋಟದ ಮೂಲೆಯ ಬಾವಿಕಟ್ಟೆಯವರೆಗೆ ಹೋದರೆ ಲೋಟದ ಸದ್ದು ಕೇಳಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಔಷಧಿ ಅದು.

ಮೊದಲ ವಾರ ಬಾವಿಕಟ್ಟೆಯಲ್ಲೂ ಅಮ್ಮನಿಗೆ ಟಣ್ ಟಣ್ ಕೇಳಿಸುತ್ತಿತ್ತಂತೆ. "ಇಲ್ಲ ಕಣಮ್ಮ, ಅದು ಮರಕುಟಿಗ" ಅಂತ ಎದುರುಮನೆ ಅಕ್ಕ ನಗುತ್ತಿದ್ದರು.

ಪ್ರಾಣಾಯಾಮ ಅಮ್ಮ ಕೊನೆಗೂ ಮಾಡಲಿಲ್ಲ. ಅದರ ಬದಲು ಬೇರೆ ಒಂದು ಆಯಿತು, ನಾವು ಯಾರೂ ಯೋಚಿಸದೇ ಇದ್ದದ್ದು. ಅಜ್ಜಿಗೆ ಲಕ್ವ ಹೊಡೆಯುವ ಮೊದಲು ದೀಪ ಹಚ್ಚುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಕೂತು ಓಂ ನಮಃ ಶಿವಾಯ ಹೇಳುವುದು ವಾಡಿಕೆಯಿತ್ತು. ಆಮೇಲೆ ಅದು ನಿಂತುಹೋಗಿತ್ತು. ನಡಿಗೆಯಿಂದ ಬಂದ ಒಂದು ಸಂಜೆ ಅಮ್ಮ ತಾವಾಗಿಯೇ ಮಂಚದ ಪಕ್ಕ ಕೂತು ಮತ್ತೆ ಶುರು ಮಾಡಿದರು. ನಿಧಾನವಾಗಿ, ಒಂದು ಉಸಿರಿಗೆ ಒಂದು ಸಲ, ಎಳೆದು. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ನಾನು ಕದ್ದು ಎಣಿಸಿದೆ. ಸುಮ್ಮನೆ ಕೂತಾಗ ಅಮ್ಮನ ಉಸಿರು ನಿಮಿಷಕ್ಕೆ 16 ಇರುತ್ತಿತ್ತು. ಜಪದ ಹೊತ್ತಿಗೆ ಏಳಕ್ಕೆ ಇಳಿಯಿತು.

ಇದು ಬರೀ ಭಕ್ತಿಯ ಮಾತಲ್ಲ. ಇಟಲಿಯ ಲೂಚಾನೋ ಬೆರ್ನಾರ್ಡಿ ಮತ್ತು ಜೊತೆಯವರು 2001ರಲ್ಲಿ 23 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಲ್ಯಾಟಿನ್ನಿನ ಮರಿಯಮ್ಮನ ಜಪಮಾಲೆ ಪ್ರಾರ್ಥನೆಯೂ 'ಓಂ ಮಣಿ ಪದ್ಮೇ ಹುಂ' ಮಂತ್ರವೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ತಂದು ನಿಲ್ಲಿಸಿದ್ದವು. ಆ ವೇಗದಲ್ಲಿ ಉಸಿರಾಡುವಾಗ ಎದೆಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಒತ್ತಡ ಏರಿದಾಗ ಅದನ್ನು ಇಳಿಸುವ ಮೈಯ ಏರ್ಪಾಡು ಚುರುಕಾಗುತ್ತೆ. ಯಾವ ದೇವರಾದರೂ ಸರಿ, ಸಾಲು ಉದ್ದವಿರಬೇಕು, ಅವಸರ ಇರಬಾರದು. ದೇವರು ಬೇಡದವರು ಸೋಬಾನೆ ಪದ ಹಾಡಿಕೊಂಡರೂ ಆದೀತು. ನಾನು ಕಳಿಸಿದ ವಿಡಿಯೋ ಹೇಳಿದ್ದೂ ಇದನ್ನೇ. ಅಮ್ಮನಿಗೆ ಅದು ಹೊಸ ಕೆಲಸವಾಗಿ ಕಂಡಿತ್ತು. ಇದು ಕಳೆದುಹೋದ ಹಳೆಯದು ವಾಪಸ್ ಸಿಕ್ಕಿದ್ದು.

ಕಾಫಿ ಬಿಡಿಸುವುದು ದೊಡ್ಡ ಜಗಳ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದರೆ ಎರಡು ಗಂಟೆಗೂ ಅರ್ಧ ಲೋಟ ಒಳಗೇ ಇರುತ್ತೆ. ಇದನ್ನು ಹೇಳಿದಾಗ ಅಮ್ಮ, "ಇರ್ಲಿ ಬಿಡು, ಅದೊಂದಾದ್ರೂ ನನ್ ಜೊತೆಗಿರ್ಲಿ" ಅಂದರು. ಕೊನೆಗೆ ಐದರಿಂದ ಎರಡಕ್ಕೆ ಬಂತು, ಬೆಳಿಗ್ಗೆ ಒಂದು, ನಾಲ್ಕು ಗಂಟೆಗೆ ಒಂದು. ಎರಡೂ ಕೂತು ಕುಡಿಯಬೇಕು. ಮಧ್ಯಾಹ್ನದ ಊಟ ಒಂದೂವರೆಗೆ, ಬಿಸಿ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ. ಮೂರು ತಿಂಗಳಲ್ಲಿ ಹುಳಿ ತೇಗಿನ ಮಾತು ಫೋನಿನಲ್ಲಿ ಬರುವುದು ನಿಂತಿತು.

ನವೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಬಿಪಿ 132/84, ಹಿಮೋಗ್ಲೋಬಿನ್ 11.6. ಗಾಯ ಸೆಪ್ಟೆಂಬರ್ ಮಧ್ಯದಲ್ಲೇ ಮಾಗಿತ್ತು, ಈಗ ತಿಳಿ ಗುಲಾಬಿ ಬಣ್ಣದ ಕಲೆ. ಇದರಲ್ಲಿ ಮಾತ್ರೆಯದೆಷ್ಟು, ನಿದ್ದೆಯದೆಷ್ಟು, ನಡಿಗೆಯದೆಷ್ಟು ಅಂತ ಹೇಳುವ ಹಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದೆವಲ್ಲ. ಪ್ರಯೋಗ ಅಂತ ನೋಡಿದರೆ ಇದು ಕೆಟ್ಟ ಪ್ರಯೋಗ.

ಆದರೆ ಒಂದು ಸುಳಿವು ಆಮೇಲೆ ಸಿಕ್ಕಿತು.

ಫೆಬ್ರವರಿ

2024ರ ಫೆಬ್ರವರಿಯಲ್ಲಿ ಬೆಳಗಿನ ಕೆಲಸದ ಹೆಂಗಸು ಮಗಳ ಬಾಣಂತನಕ್ಕೆ ಹೋದರು. ಅದೇ ವಾರ ಅಪ್ಪನಿಗೆ ಜ್ವರ. ಎರಡೂವರೆ ವಾರ ಅಮ್ಮ ಮತ್ತೆ ಒಬ್ಬರೇ. ಮಾತ್ರೆ ಒಂದು ದಿನವೂ ತಪ್ಪಲಿಲ್ಲ, ಎರಡನ್ನೂ ನುಂಗಿದರು. ಜಪವೂ ನಡೆಯುತ್ತಿತ್ತು, ಹಠಕ್ಕೆ. ನಡಿಗೆ ನಿಂತಿತು, ರಾತ್ರಿಯ ನಿದ್ದೆ ಮತ್ತೆ ಚೂರುಚೂರಾಯಿತು. ಎರಡನೇ ವಾರದ ಕೊನೆಗೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನೋಡಿಸಿದಾಗ ಬಿಪಿ 146/92.

ಅಮ್ಮ ಅವತ್ತು ಫೋನಿನಲ್ಲಿ ಹೇಳಿದ್ದು ಬಿಪಿ ಬಗ್ಗೆ ಅಲ್ಲ. "ಅಜ್ಜಿ ಮೇಲೆ ಕೈ ಎತ್ತಿಬಿಟ್ಟೆ ಪಾಪು. ಹೊಡೀಲಿಲ್ಲ. ಎತ್ತಿದೆ." ತುಂಬಾ ಹೊತ್ತು ಅತ್ತರು. ಇಂಥದ್ದನ್ನು ಬರೆಯಬೇಕಾ ಬೇಡವಾ ಅಂತ ಯೋಚಿಸಿದೆ. ಅಮ್ಮನನ್ನೇ ಕೇಳಿದೆ. "ಬರಿ, ಬೇರೆಯವ್ರ ಮನೇಲೂ ಆಗಿರುತ್ತೆ" ಅಂದರು. ಒಳ್ಳೆಯ ಮನುಷ್ಯರ ಕೈಯೂ ಮೂರನೇ ರಾತ್ರಿ, ನಾಲ್ಕನೇ ರಾತ್ರಿ ನಿದ್ದೆ ಇಲ್ಲದೆ ಎತ್ತಿಹೋಗುತ್ತೆ. ಅದನ್ನು ಗುಣದ ಪ್ರಶ್ನೆಯಾಗಿ ನೋಡಿ "ತಾಳ್ಮೆ ಇಟ್ಕೊಳ್ಳಿ" ಅಂದರೆ ಪ್ರಯೋಜನವಿಲ್ಲ. ಮಾರನೇ ದಿನ ಬೆಳಿಗ್ಗೆಯ ರೈಲಿಗೆ ನಾನು ಹೋದೆ. ತಮ್ಮ ಒಂದು ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಬಂದ, ಮೊದಲ ಸಲ ಅಜ್ಜಿಗೆ ಗಂಜಿ ತಿನ್ನಿಸಿದ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು ಅವನಿಗೆ.

ಅಮ್ಮ ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮಲಗಿದವರು ಸಂಜೆ ಐದಕ್ಕೆ ಎದ್ದರು.

ಬೇರೆ ಮನೆಗಳಿಗೆ ಈ ಲೆಕ್ಕ ಹಾಗೇ ಕೂರುವುದಿಲ್ಲ ಅಂತ ಗೊತ್ತು. 4,500 ರೂಪಾಯಿ ಎಲ್ಲರ ಹತ್ತಿರ ಇರುವುದಿಲ್ಲ. ಏಳುವ ಅಪ್ಪ ಎಲ್ಲರಿಗೂ ಸಿಗುವುದಿಲ್ಲ. ಯಾರಾದರೂ ನನ್ನನ್ನು ಕೇಳಿದರೆ ಮಾತ್ರ, ಯಾವ ಆಸನ, ಯಾವ ಕಷಾಯ ಅಂತ ಹೇಳುವ ಮೊದಲು ನಾನು ಕೇಳುವುದು ಟೆಲಿ ಮಾನಸ್‌ನವರು ನನ್ನನ್ನು ಕೇಳಿದ್ದನ್ನೇ. ರಾತ್ರಿ ಎಷ್ಟು ಸಲ ಏಳ್ತಾರೆ? ಅವರ ಬದಲು ಯಾರು ಏಳಬಹುದು?

ಕೆಲಸದವರು ಏಪ್ರಿಲ್‌ನಲ್ಲಿ ವಾಪಸ್ ಬಂದರು, 5,500 ಕೇಳಿದರು, ಕೊಟ್ಟೆವು. ಅಜ್ಜಿ ಹಾಗೇ ಇದ್ದಾರೆ, ಸ್ವಲ್ಪ ಇನ್ನೂ ಸೊರಗಿದ್ದಾರೆ. ಅಶ್ವಗಂಧದ ಡಬ್ಬಿಯಲ್ಲಿ ಅಮ್ಮ ಈಗ ಏಲಕ್ಕಿ ಹಾಕಿಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ ಕೊಬ್ಬರಿ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ನಾನು ಬರೆಯುವುದು ನಿಲ್ಲಿಸಿದ ಹಾಳೆಯಿಂದ ಮುಂದೆ ಅಪ್ಪನ ಅಕ್ಷರ, ಪೆನ್ಸಿಲ್ಲಿನಲ್ಲಿ. "1 ಗಂಟೆ, ಎಡ ಮಗ್ಗುಲು. 2:20, ಲೋಟ ಬಡಿದರು, ನೀರು ಕೊಟ್ಟೆ. 3, ಬಲ ಮಗ್ಗುಲು. ಅವಳು ಏಳಲಿಲ್ಲ." ಅದರ ಕೆಳಗೆ ಗೆರೆ ಎಳೆದು, ಆ ವಾರದ ಕೊಬ್ಬರಿ ರೇಟು.